ವೃತ್ತಿ ತೆರಿಗೆ ಕಟ್ಟುವ ಹಟ

ತೆರಿಗೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮುಖ ಹುಳ್ಳಗೆ ಮಾಡಿಕೊಳ್ಳದ ವ್ಯಾಪಾರಿ ವಿಜಯಪುರದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ನನ್ನ ನಂಬಿಕೆ. ಇದನ್ನು ಯಾರೂ ದೇಶಭಕ್ತಿ ಎಂದು ತಪ್ಪು ತಿಳಿಯಬಾರದು. ದೇಶಭಕ್ತಿ ಬೇರೆ, ನನ್ನ ಕಾಯಿಲೆ ಬೇರೆ. ಸಂಜೆ ನಮ್ಮ ಓಣಿಯ ನಾಲ್ಕು ಜನ ಅಂಗಡಿಕಾರರು ಚಹಾಕ್ಕೆ ಸೇರಿದರೆಂದರೆ ಮಾತು ಎಲ್ಲಿಂದ ಶುರುವಾದರೂ ತೆರಿಗೆಗೇ ಬಂದು ನಿಲ್ಲುತ್ತದೆ. ಒಬ್ಬರು ನಿಟ್ಟುಸಿರು ಬಿಡುತ್ತಾರೆ, ಒಬ್ಬರು ಸರ್ಕಾರಕ್ಕೆ ಶಾಪ ಹಾಕುತ್ತಾರೆ, ಮತ್ತೊಬ್ಬರು ಅಂಗಡಿ ಮುಚ್ಚಿ ಊರಿಗೆ ಹೋಗಿ ಎರಡು ಎಮ್ಮೆ ಕಟ್ಟುತ್ತೇನೆ ಅನ್ನುತ್ತಾರೆ. ನಾನೂ ಅವರ ಜೊತೆ ‘ಏನ್ ಮಾಡೂದ್ರಿ, ಕಟ್ಟಬೇಕಲ್ಲ’ ಎಂದು ತಲೆ ಅಲ್ಲಾಡಿಸುತ್ತೇನೆ. ಆದರೆ ಒಳಗೊಳಗೇ ನನಗೆ ಹಿಗ್ಗು. ತೆರಿಗೆಯ ಕಷ್ಟ ಹೇಳಿಕೊಳ್ಳಬೇಕಾದರೆ ಮನುಷ್ಯನಿಗೆ ಒಂದು ವ್ಯಾಪಾರ ಅಂತ ಇರಬೇಕು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನ ಹತ್ತಿರ ಯಾವ ಸರ್ಕಾರವೂ ಬಂದು ತೆರಿಗೆ ಕೇಳುವುದಿಲ್ಲ. ಅಂಥ ನಾನು ಈ ಏಪ್ರಿಲಿನಲ್ಲಿ ‘ದಯಮಾಡಿ ನನ್ನಿಂದ ತೆರಿಗೆ ತೆಗೆದುಕೊಳ್ಳಿ’ ಎಂದು ಕೈಮುಗಿದು ಕೇಳಿಕೊಂಡೆ, ಆಗುವುದಿಲ್ಲ ಅಂದುಬಿಟ್ಟರು. ಈ ಸಂಕಟವನ್ನು ಓಣಿಯವರ ಮುಂದೆ ಹೇಳಿದರೆ ನಗುತ್ತಾರೆ. ನೀವೂ ನಗುತ್ತೀರಿ, ಆದರೆ ನನ್ನ ಕಣ್ಣಿಗೆ ಕಾಣುವುದಿಲ್ಲ.

ನನ್ನದು ಬಳೆ ಅಂಗಡಿ. ಬೋರ್ಡಿನ ಮೇಲೆ ‘ಸಂಗಪ್ಪ ಬಳಿಗಾರ, ಬಳೆ ಮತ್ತು ಕಟ್ಲೇರಿ ಸಾಮಾನು’ ಎಂದು ದೊಡ್ಡದಾಗಿ ಬರೆಸಿದ್ದೇನೆ. ಕಟ್ಲೇರಿ ಎಂದರೆ ನಮ್ಮ ಕಡೆ ಚಮಚ, ಚಾಕು ಅಲ್ಲ. ಪೌಡರು, ಪಿನ್ನು, ರಿಬ್ಬನ್ನು, ಹಣೆಗೆ ಅಂಟಿಸುವ ಟಿಕಳಿ, ಒಟ್ಟಿನಲ್ಲಿ ಹೆಂಗಸರು ಕನ್ನಡಿಯ ಮುಂದೆ ಇಟ್ಟುಕೊಳ್ಳುವುದೆಲ್ಲ. ನಮ್ಮಪ್ಪ ನಿಡೋಣಿಯವನು, ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಬಳೆ ಇಡಿಸುತ್ತಿದ್ದವನು. ಎಂಥ ಒರಟು ಕೈಯಾದರೂ ಸರಿ, ಅಪ್ಪ ಬಳೆ ಏರಿಸಿದರೆ ಒಂದು ಚೂರೂ ಒಡೆಯುತ್ತಿರಲಿಲ್ಲ. ಆ ಕೈಗುಣ ನನಗೆ ಬರಲಿಲ್ಲ. ನಾನು ಬಳೆ ಇಡಿಸಲು ಕುಳಿತರೆ ಡಜನ್ನಿನಲ್ಲಿ ಅರ್ಧ ನೆಲದ ಮೇಲೆ ಬೀಳುತ್ತವೆ, ಉಳಿದರ್ಧಕ್ಕೆ ಕೈಕೊಟ್ಟವರು ಕಣ್ಣೀರು ಹಾಕುತ್ತಾರೆ. ಅಪ್ಪನ ಕೈಗುಣ ಹೇಗೋ ಮಗನನ್ನು ದಾಟಿ ಸೊಸೆಗೆ ಹೋಯಿತು. ನನ್ನ ಹೆಂಡತಿ ಕಸ್ತೂರಿ ಗಿರಾಕಿಯ ಜೊತೆ ಅವರ ತವರುಮನೆಯ ಸುದ್ದಿ ಮಾತಾಡುತ್ತಲೇ ಕೈಯನ್ನು ಹಿಟ್ಟು ನಾದಿದಂತೆ ನಾದಿ ಎರಡು ಡಜನ್ ಏರಿಸಿಬಿಡುತ್ತಾಳೆ. ಹೀಗಾಗಿ ಅಂಗಡಿಯಲ್ಲಿ ಕೆಲಸ ಹಂಚಿಕೆಯಾಯಿತು. ಬಳೆ ಅವಳದು, ಗಲ್ಲಾ ನನ್ನದು. ಸಂತೆಯ ದಿನ ಅವಳು ಟ್ರಂಕು ತೆಗೆದುಕೊಂಡು ಒಮ್ಮೆ ತಿಕೋಟಾಕ್ಕೆ, ಒಮ್ಮೆ ಬಬಲೇಶ್ವರಕ್ಕೆ ಹೋಗುತ್ತಾಳೆ. ಆ ದಿನ ಅಂಗಡಿಯಲ್ಲಿ ನಾನೊಬ್ಬನೇ. ಬಂದ ಹೆಂಗಸರು ಹೊಸ್ತಿಲಲ್ಲೇ ನಿಂತು ‘ಅಕ್ಕಾರ ಇಲ್ಲೇನ್ರಿ?’ ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ಹೊರಟುಹೋಗಿರುತ್ತಾರೆ.

ಜಿಎಸ್‌ಟಿ ಬಂದ ಕಾಲದಲ್ಲಿ ನಮ್ಮಂಥ ಸಣ್ಣ ಅಂಗಡಿಯವರು ನೋಂದಣಿ ಮಾಡಿಸಲೇಬೇಕು ಎಂದೇನೂ ಇರಲಿಲ್ಲ. ಅಷ್ಟು ವ್ಯಾಪಾರವೇ ನಮ್ಮಲ್ಲಿ ಇರಲಿಲ್ಲ. ಆದರೂ ನಾನು ಯಾರೂ ಕರೆಯದೆ ಹೋಗಿ ಮಾಡಿಸಿಕೊಂಡು ಬಂದೆ. ಸೊಲ್ಲಾಪುರದ ಹೋಲ್‌ಸೇಲಿನವರು ಬಿಲ್ಲಿಗೆ ನಂಬರು ಕೇಳುತ್ತಾರೆ ಎಂದು ಮನೆಯಲ್ಲಿ ಹೇಳಿದೆ. ನಿಜವೆಂದರೆ ಪಕ್ಕದ ಬಟ್ಟೆ ಅಂಗಡಿಯವರಿಗೆ ನಂಬರು ಇತ್ತು, ನನಗೆ ಇರಲಿಲ್ಲ. ಕಾಗದಪತ್ರ ಮಾಡಿಕೊಟ್ಟವರು ದಸ್ತಗೀರ ಸಾಹೇಬರು. ತೆರಿಗೆ ಸಲಹೆಗಾರರು, ಮೂಲ ಊರು ತಿಕೋಟಾ, ಅಲ್ಲಿ ಇಂದಿಗೂ ದ್ರಾಕ್ಷಿ ತೋಟವಿದೆ, ಇಲ್ಲಿ ಒಂದು ಮಾಳಿಗೆಯ ಮೇಲೆ ಆಫೀಸು. ಅವರು ನನ್ನ ಅಂಗಡಿಯ ಸಾಮಾನುಗಳಿಗೆ ತೆರಿಗೆಯ ಲೆಕ್ಕ ಹೇಳಿದ ದಿನ ನನಗೆ ಬಹಳ ಅವಮಾನವಾಯಿತು. ಗಾಜಿನ ಬಳೆಗೆ ತೆರಿಗೆ ಇಲ್ಲವಂತೆ, ಕುಂಕುಮಕ್ಕೆ ಇಲ್ಲವಂತೆ, ಟಿಕಳಿಗೂ ಇಲ್ಲವಂತೆ. ಪೌಡರಿಗೆ ಉಂಟು, ಬಂಗಾರದ ಹಾಗೆ ಹೊಳೆಯುವ ನಕಲಿ ಬಳೆಗೆ ಉಂಟು. ಅಂದರೆ ನಮ್ಮಪ್ಪ ಜೀವಮಾನವಿಡೀ ಹೊತ್ತು ಮಾರಿದ ಮಾಲಿಗೆ ಸರ್ಕಾರದ ಲೆಕ್ಕದಲ್ಲಿ ಜಾಗವೇ ಇಲ್ಲ. ನಾನು ಮೂಲೆಯಲ್ಲಿಟ್ಟ ಪೌಡರು ಡಬ್ಬಿಯಿಂದ ನಾನು ವ್ಯಾಪಾರಿ.

ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತಾಗ ಸಾಹೇಬರು ಇನ್ನೊಂದು ತೆರಿಗೆಯ ಹೆಸರು ಹೇಳಿದರು. ವೃತ್ತಿ ತೆರಿಗೆ.

“ಇದ ಯಾತರ ತೆರಿಗಿರಿ ಸಾಹೇಬ್ರ? ಜಿಎಸ್‌ಟಿ ಕಟ್ತೀನಲ್ಲ?” ಎಂದು ಕೇಳಿದೆ.

“ಅದು ನೀವ ಮಾರೂ ಸಾಮಾನಿನ ಮ್ಯಾಲ್ರಿ ಸಂಗಣ್ಣಾರ. ಇದು ನಿಮ್ಮ ಮ್ಯಾಲ.”

“ನನ್ನ ಮ್ಯಾಲ ಅಂದ್ರ?”

“ನೀವ ಧಂಧೆ ಮಾಡಾಕತ್ತೀರಲ್ಲ, ಅದಕ್ಕ. ರಾಜ್ಯ ಸರ್ಕಾರದ್ದು. ವರ್ಷಕ್ಕ ಒಮ್ಮೆ, ಎರಡೂವರಿ ಸಾವಿರ. ಏಪ್ರಿಲ್ ಮುಗಿಯೂದ್ರಾಗ ಕಟ್ಟಿಬಿಡಬೇಕು.”

“ವ್ಯಾಪಾರ ಆಗಲಿಲ್ಲಂದ್ರ?”

“ಆಗಲಿಲ್ಲಂದ್ರೂ ಅಷ್ಟ, ಆದ್ರೂ ಅಷ್ಟ. ನೀವ ಅದೀರಲ್ಲ, ಅದಕ್ಕ ತೆರಿಗಿ.”

ಬೇರೆಯವರಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದರು. ನನಗೆ ಮಾತ್ರ ಮೈ ಜುಮ್ಮೆಂದಿತು. ನಾನು ಇದ್ದೇನೆ ಎಂಬುದಕ್ಕೆ ತೆರಿಗೆ! ಲಾಭ ಕೇಳುವುದಿಲ್ಲ, ನಷ್ಟ ಕೇಳುವುದಿಲ್ಲ, ಬೆಳಿಗ್ಗೆಯಿಂದ ಎಷ್ಟು ಗಿರಾಕಿ ಬಂದರು ಎಂದು ಕೇಳುವುದಿಲ್ಲ. ಸಂಗಪ್ಪ ಬಳಿಗಾರ ಎಂಬ ಮನುಷ್ಯ ವಿಜಯಪುರದಲ್ಲಿ ಒಂದು ವೃತ್ತಿ ಮಾಡುತ್ತಿದ್ದಾನೆ ಎಂದು ಸರ್ಕಾರವೇ ಒಪ್ಪಿಕೊಂಡು, ಅದಕ್ಕೊಂದು ಪ್ರಮಾಣಪತ್ರವನ್ನೂ ಕೊಡುತ್ತದೆ. ನಾನು ಅದಕ್ಕೆ ಗಾಜು ಹಾಕಿಸಿ ಗಲ್ಲಾದ ಮೇಲೆ, ಬಸವಣ್ಣನವರ ಪಟದ ಪಕ್ಕದಲ್ಲಿ ತೂಗುಹಾಕಿದೆ. ಬೆಳಿಗ್ಗೆ ಊದುಬತ್ತಿ ಬೆಳಗುವಾಗ ಒಂದು ಸುತ್ತು ಅದಕ್ಕೂ ಹೋಗುತ್ತಿತ್ತು. ಕಸ್ತೂರಿ ಅದನ್ನು ನೋಡಿಯೂ ನೋಡದವಳ ಹಾಗೆ ಇರುತ್ತಿದ್ದಳು.

ಅಲ್ಲಿಂದ ನಾನು ಓಣಿಗೆಲ್ಲ ತೆರಿಗೆಯ ಪಂಡಿತನಾದೆ. ಗಿರಾಕಿಗಳು ಹೇಗೂ ಕಸ್ತೂರಿಯ ಹತ್ತಿರ ಹೋಗುವುದರಿಂದ ನನಗೆ ಸಮಯಕ್ಕೆ ಕೊರತೆ ಇರಲಿಲ್ಲ. ಯಾರಾದರೂ ನೋಟೀಸು ಹಿಡಿದುಕೊಂಡು ಬಂದರೆ ಕೂರಿಸಿ ಚಹಾ ತರಿಸಿ ಬಿಡಿಸಿ ಹೇಳುತ್ತಿದ್ದೆ. “ನೋಡ್ರಿ, ಇದರಾಗ ಗಾಬರಿ ಆಗೂದೇನಿಲ್ಲ. ಕಾರ್ಪೊರೇಷನ್ ಲೈಸೆನ್ಸು ಅಂಗಡಿಗಿ, ಜಿಎಸ್‌ಟಿ ಸಾಮಾನಿಗಿ, ಇನ್‌ಕಮ್ ಟ್ಯಾಕ್ಸು ಲಾಭಕ್ಕ, ವೃತ್ತಿ ತೆರಿಗಿ ಮನಷ್ಯಾಗ. ನಾಕ ತಿಳಕೊಂಡ್ರ ಮುಗೀತು.” ಎದುರಿನ ಚಹಾದಂಗಡಿಯ ಮುತ್ತು ಗ್ಲಾಸು ಇಡುತ್ತ, “ಕಾಕಾ, ನೀವ ಕುಡಿಯೂ ಚಾಕ್ಕ ಯಾವ ತೆರಿಗಿ?” ಎಂದು ಕೇಳುತ್ತಿದ್ದ. “ಅದಕ್ಕ ಉದ್ರಿ,” ಎಂದು ನಾನು. ಎಲ್ಲರೂ ನಗುತ್ತಿದ್ದರು, ಸಾಲ ಬರೆದುಕೊಳ್ಳಬೇಕಾದ ಮುತ್ತು ಒಬ್ಬನನ್ನು ಬಿಟ್ಟು. ಹೀಗೆ ವರ್ಷಾ ವರ್ಷಾ ಏಪ್ರಿಲ್ ಬಂದರೆ ನನಗೆ ಹಬ್ಬ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಹೇಬರ ಆಫೀಸಿನ ಮೆಟ್ಟಿಲು ಹತ್ತುತ್ತೇನೆ. ಮನೆಯಲ್ಲಿ ಕುಳಿತು ಫೋನಿನಲ್ಲೇ ಕಟ್ಟಬಹುದು ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಹಾಗೆ ಕದ್ದು ಕಟ್ಟುವುದರಲ್ಲಿ ಏನು ಸುಖ?

ಈ ವರ್ಷವೂ ಹಾಗೇ ಹೋದೆ. ಸಾಹೇಬರು ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿ ಮುಖವರಳಿಸಿ ನಕ್ಕರು.

“ಸಂಗಣ್ಣಾರ, ಮುಬಾರಕ್! ಇನ್ನ ಮುಂದ ನಿಮಗ ಈ ತೆರಿಗಿ ಇಲ್ರಿ.”

“ಯಾಕ್ರಿ, ಸರ್ಕಾರ ತಗದಹಾಕೇತೇನು?”

“ಸರ್ಕಾರ ತಗದಿಲ್ರಿ. ನೀವ ಅದರಾಗಿಂದ ಹೊರಗ ಬಂದೀರಿ. ಹೋದ ಜೂನಿಗಿ ನಿಮಗ ಅರವತ್ತ ತುಂಬ್ಯಾವು. ಅರವತ್ತ ಆದವರಿಗಿ ವೃತ್ತಿ ತೆರಿಗಿ ಮಾಫಿ.”

ನಾನು ಬಾಗಿಲ ಕಡೆ ನೋಡಿದೆ. ಪುಣ್ಯಕ್ಕೆ ಯಾರೂ ಇರಲಿಲ್ಲ. ಖುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಸಣ್ಣ ದನಿಯಲ್ಲಿ, “ಇದು ನಮ್ಮಿಬ್ಬರಾಗ ಇರ್ಲಿ. ನೀವ ಸುಮ್ನ ಕಟ್ಟಿಸ್ಕೊಂಡ ಬಿಡ್ರಿ,” ಅಂದೆ. ಸಾಹೇಬರು ಕನ್ನಡಕ ತೆಗೆದರು. “ಯಪ್ಪಾ! ಕಡಿಮಿ ಮಾಡ್ರಿ, ಕಡಿಮಿ ಮಾಡ್ರಿ ಅಂತ ಬರೋ ಮಂದಿ ನೋಡಿ ನೋಡಿ ನನ್ನ ಕಣ್ಣ ಹೋಗ್ಯಾವು. ಬ್ಯಾಡಂದ್ರೂ ಕಟ್ತೀನಿ ಅನ್ನಾವ್ರು ನೀವ ಮೊದಲನೇದವ್ರು. ಕಟ್ಟೂದ ಇಲ್ಲದ ತೆರಿಗಿ ನಾ ಹ್ಯಾಂಗ ಕಟ್ಟಿಸ್ಲಿರಿ?” ಎಂದು, ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ತಮ್ಮ ತೋಟದ ದೃಷ್ಟಾಂತ ಕೊಟ್ಟರು. “ನಮ್ಮ ತಿಕೋಟಾದ ದ್ರಾಕ್ಷಿ ನೋಡ್ರಿ. ಹಸಿ ಹಣ್ಣ ಮಾರಿದ್ರ ತೆರಿಗಿ ಇಲ್ಲ, ಒಣಗಿಸಿ ಮಣೂಕ ಮಾಡಿದ್ರ ತೆರಿಗಿ ಹತ್ತತೈತಿ. ಮನಷ್ಯಾಂದ ಉಲ್ಟಾ. ಹಸಿ ಇದ್ದಾಗ ತೆರಿಗಿ, ಒಣಗಿದ ಮ್ಯಾಲ ಮಾಫಿ.” ಸಮಾಧಾನ ಹೇಳಲೆಂದೇ ಅವರು ಹಾಗೆ ಅಂದದ್ದು. ಮೆಟ್ಟಿಲು ಇಳಿಯುವಾಗ ನನಗೆ ಮೈಯೆಲ್ಲ ಸುಕ್ಕುಗಟ್ಟಿದ ಹಾಗಾಯಿತು.

ಮನೆಯಲ್ಲಿ ಕಸ್ತೂರಿಗೆ ಹೇಳಿದೆ. ಹೇಳಬಾರದಾಗಿತ್ತು. ಅವಳು ಸಂಭ್ರಮದಿಂದ ಸಿಹಿ ಸಜ್ಜಕ ಮಾಡಿದಳು. “ಎರಡೂವರಿ ಸಾವಿರ ಉಳೀತಲ್ರಿ! ಮೊದಲ ಆಗಿದ್ರ ಇನ್ನೂ ಚಲೋ ಆಗ್ತಿತ್ತು.” ಮೊದಲೇ ಎಂದರೆ ನಾನು ಮೊದಲೇ ಮುದುಕನಾಗಬೇಕಿತ್ತು ಎಂಬುದು ಅವಳ ತಲೆಗೆ ಹೋಗಲಿಲ್ಲ. ಎಷ್ಟೋ ವರ್ಷದಿಂದ ಓಣಿಯಲ್ಲಿ ನಾನು ಐವತ್ತನಾಲ್ಕರಲ್ಲೇ ಇದ್ದೆ. ಕೂದಲಿಗೆ ಬಣ್ಣ ಹಚ್ಚುತ್ತೇನೆ. ಗಣಪತಿ ಹಬ್ಬ ಮಾಡುವ ನಮ್ಮ ಓಣಿಯ ತರುಣ ಮಂಡಳಿಗೆ ಇಂದಿಗೂ ನಾನೇ ಅಧ್ಯಕ್ಷ. ತರುಣರು ನನ್ನನ್ನು ಇಳಿಸಲು ಒಂದು ನೆಪ ಕಾಯುತ್ತಿದ್ದಾರೆ ಎಂಬುದೂ ಗೊತ್ತು. ಆದರೆ ನನ್ನ ಚಿಂತೆ ಮಂಡಳಿಯದೂ ಅಲ್ಲ, ಕೂದಲಿನದೂ ಅಲ್ಲ. ನಮ್ಮಪ್ಪನಿಗೆ ಮೊಣಕಾಲು ಹಿಡಿದಾಗ ನಾವೆಲ್ಲ ಸೇರಿ, ‘ಇನ್ನ ನೀ ಆರಾಮ ಕುಂದರು’ ಎಂದು ಮಲಾರ ಇಳಿಸಿಕೊಂಡೆವು. ಒಳ್ಳೆಯದಕ್ಕೇ ಮಾಡಿದ್ದು. ಊರೂರಲ್ಲಿ ‘ಬಳೀ…’ ಎಂದು ಕೂಗಿದರೆ ನಾಲ್ಕು ಓಣಿಗೆ ಕೇಳಿಸುತ್ತಿದ್ದ ಆ ದನಿ ಒಂದು ವರ್ಷದಲ್ಲಿ ನೀರು ಕೇಳುವಷ್ಟಕ್ಕೆ ಇಳಿಯಿತು. ದಾರಿಯಲ್ಲಿ ಹೋಗುವವರೂ ಮೊದಲಿನ ಹಾಗೆ ‘ಬಳಿಗಾರಪ್ಪಾ’ ಅನ್ನದೆ ಬರೀ ‘ಅಜ್ಜಾ’ ಅನ್ನತೊಡಗಿದರು. ಸಜ್ಜಕದ ತಟ್ಟೆ ಮುಂದಿಟ್ಟುಕೊಂಡು ನನಗೆ ಅದೇ ನೆನಪಾಯಿತು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು.

ಹೆದರಿದ ಮನುಷ್ಯನಿಗೆ ಉಪಾಯಗಳು ಬಹಳ ಹೊಳೆಯುತ್ತವೆ. ಆ ಅರವತ್ತು ಸುಳ್ಳು ಎಂದು ತೋರಿಸಿಬಿಟ್ಟರೆ ಮುಗಿಯಿತಲ್ಲ! ನನ್ನ ಜನ್ಮದಿನಾಂಕ ಜೂನ್ ಒಂದು. ನನ್ನ ಸಾಲಿಯ ಗೆಳೆಯರದೆಲ್ಲ ಜೂನ್ ಒಂದೇ. ನಿಡೋಣಿಯಲ್ಲಿ ನಾವೆಲ್ಲ ಒಂದೇ ದಿನ ಹುಟ್ಟಿದೆವೆಂದಲ್ಲ. ಶಾಲೆಗೆ ಹೆಸರು ಹಚ್ಚಲು ಹೋದ ಯಾವ ಹುಡುಗನ ಹುಟ್ಟಿದ ದಿನವೂ ಮನೆಯವರಿಗೆ ಗೊತ್ತಿರುತ್ತಿರಲಿಲ್ಲ. ಹೆಡ್ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ ತುಂಬಿತು, ಬರಿ ಜೂನ್ ಒಂದು. ಮುಟ್ಟದಿದ್ದರೆ ಹೋಗಿ ಮುಂದಿನ ವರ್ಷ ಬಾ. ನಾನು ಮೊದಲ ಸಲಕ್ಕೇ ಕಿವಿಯನ್ನಷ್ಟೇ ಅಲ್ಲ, ಕೆನ್ನೆಯನ್ನೂ ಮುಟ್ಟಿದ್ದೆನಂತೆ. ಹುಟ್ಟಿನಿಂದಲೇ ಕೈ ಉದ್ದವಾಗಿದ್ದರಿಂದ ನಾನು ನಾಲ್ಕೇ ವರ್ಷಕ್ಕೆ ಸಾಲಿ ಸೇರಿದೆ ಎಂದು ನಾನು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ನಾನೂ ನಂಬಿದ್ದೇನೆ. ಆ ಲೆಕ್ಕದಲ್ಲಿ ನನಗೆ ಐವತ್ತೆಂಟು. ಇನ್ನೂ ಎರಡು ವರ್ಷ ತೆರಿಗೆ ಕಟ್ಟುವ ಹಕ್ಕು ನನಗೆ ಉಂಟು. ಇದಕ್ಕೆ ಸಾಕ್ಷಿ ಹೇಳುವವಳು ನಿಡೋಣಿಯಲ್ಲೇ ಕೊಟ್ಟಿರುವ ನನ್ನ ಅಕ್ಕ ಗೌರವ್ವ. ಅವಳು ಬರೆದುಕೊಟ್ಟರೆ ಸಾಹೇಬರು ಏನಾದರೂ ದಾರಿ ಹುಡುಕಬಹುದು. ಮರುದಿನವೇ ಬಸ್ಸು ಹತ್ತಿದೆ.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನನ್ನ ಮಾತನ್ನೆಲ್ಲ ಕೇಳಿದಳು. ಕೇಳಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳೋ ಸೀನಿದಳೋ ನನಗೆ ತಿಳಿಯಲಿಲ್ಲ.

“ಲೇ ಸಂಗ್ಯಾ, ನಿನ್ನ ಕೈ ಉದ್ದ ಇರಲಿಲ್ಲೋ. ನೀ ದೊಡ್ಡಾವ ಇದ್ದಿ, ಅದಕ್ಕ ಕೈ ಮುಟ್ಟಿತು. ಆರಕ್ಕ ಸಾಲಿಗಿ ಕಳಸಾಕ ಹೋದ್ರ ಬಣವಿ ಹಿಂದ ಅಡಕೊಂಡ ಕುಂತಿದ್ದಿ. ಎರಡ ವರ್ಷ ಎಮ್ಮಿ ಬಾಲಾ ಹಿಡಕೊಂಡ ತಿರಗ್ಯಾಡಿದಿ. ನಿನಗಿಂತ ಸಣ್ಣಾವ, ನಮ್ಮ ಕಾಕಾನ ಮಗಾ, ಅವ ಎರಡನೇತ್ತಾಗ ಇದ್ದಾಗ ನೀ ಒಂದನೇತ್ತಾಗ ಹೋಗಿ ಕುಂತಿ.”

“ಹಂಗಾದ್ರ ನನಗ ಈಗ…”

“ಅರವತ್ತೆರಡು. ಬೇಕಾದ್ರ ಬರಕೊಡ್ತೀನಿ ತಾ, ಹೆಬ್ಬಟ್ಟ ಒತ್ತಬೇಕ, ಸಹಿ ಮಾಡಬೇಕ?”

ಬೇಡ ಅಂದೆ. ಎರಡು ವರ್ಷ ಕಡಿಮೆ ಮಾಡಿಸಲು ಹೋದವನು ಎರಡು ವರ್ಷ ಹೆಚ್ಚು ಮಾಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಅಕ್ಕ ಜೊತೆಗೆ ಒಂದು ಚೀಲ ಮೆಣಸಿನಕಾಯಿಯನ್ನೂ ಕಟ್ಟಿಕೊಟ್ಟಿದ್ದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೂ ಒಂದು ಕಾರಣ.

ಅವತ್ತು ಬಬಲೇಶ್ವರದ ಸಂತೆ. ಬಸ್ಸು ಅಲ್ಲಿ ನಿಂತಾಗ ಹೇಗೂ ಕಸ್ತೂರಿ ಇರುತ್ತಾಳೆ, ಜೊತೆಗೇ ಮನೆಗೆ ಹೋಗೋಣ ಎಂದು ಇಳಿದೆ. ನಾನು ಅವಳ ಸಂತೆಯನ್ನು ನೋಡಿ ಯಾವ ಕಾಲವಾಗಿತ್ತೋ. ಒಂದು ತಾಡಪಾಲಿನ ನೆರಳು, ಮುಂದೆ ಟ್ರಂಕು, ಸುತ್ತ ಹೆಂಗಸರ ಗುಂಪು. ಸಾರವಾಡದಿಂದ ಬಂದವಳೊಬ್ಬಳು ಬಸುರಿ ಮಗಳ ಕುಬುಸಕ್ಕೆ ಹಸಿರು ಬಳೆ ಬೇಕು ಅನ್ನುತ್ತಿದ್ದಳು, ಇನ್ನೊಬ್ಬಳು ಹೋದ ಸಂತೆಯಲ್ಲಿ ಒಯ್ದ ಬಳೆ ಬಿಗಿಯಾಯಿತು ಎಂದು ಮುನಿಸಿಕೊಂಡಿದ್ದಳು, ಕಸ್ತೂರಿ ಒಬ್ಬಳ ಕೈ ನಾದುತ್ತ, ಒಬ್ಬಳಿಗೆ ಉತ್ತರ ಹೇಳುತ್ತ, ಮೂರನೆಯವಳು ಚೌಕಾಸಿ ಮಾಡಿದ್ದನ್ನು ಕೇಳಿಸಿಯೇ ಇಲ್ಲದ ಹಾಗೆ ಇದ್ದಳು. ನಾನು ಟ್ರಂಕಿನ ಪಕ್ಕ, ಮಾಲಕ ಕೂರಬೇಕಾದ ಜಾಗದಲ್ಲಿ ಕುಳಿತೆ. ಕುಬುಸದವಳು ನನ್ನ ಕಡೆ ತಿರುಗಿ, “ಅಜ್ಜಾರ, ಒಂದೀಟ ಸರಕೊಳ್ರಿ, ಬಳಿ ಕಾಣವಲ್ವು,” ಅಂದಳು. ಸರಿದೆ. ಅಲ್ಲಿ ಇನ್ನೊಬ್ಬಳಿಗೆ ಅಡ್ಡವಾದೆ. ಇನ್ನಷ್ಟು ಸರಿದೆ. ಕೊನೆಗೆ ತಾಡಪಾಲಿನ ನೆರಳೂ ಮುಗಿದು ನಾನು ಬಿಸಿಲಿನಲ್ಲಿ ಕುಳಿತಿದ್ದೆ.

ಮರಳಿ ಬರುವ ಬಸ್ಸಿನಲ್ಲಿ ಕಸ್ತೂರಿಗೆ ಎಲ್ಲ ಹೇಳಿದೆ. ಅಕ್ಕನ ಲೆಕ್ಕ ಕೇಳಿದ ಕೂಡಲೇ ಅವಳು, “ಅಂದ್ರ ಎರಡ ವರ್ಷ ಸುಮ್ ಸುಮ್ನ ಕಟ್ಟಿದಂಗಾತು. ವಾಪಸ್ ಕೇಳಾಕ ಬರೂದಿಲ್ಲೇನ್ರಿ?” ಅಂದಳು. ಅಕ್ಕನ ನೆನಪು ಸರ್ಕಾರದಲ್ಲಿ ನಡೆಯುವುದಿಲ್ಲ, ಕಾಗದ ಬೇಕು ಎಂದೆ. ಆಮೇಲೆ ಅಪ್ಪನ ಮಾತು ತೆಗೆದೆ. ತೆರಿಗೆ ನಿಂತಿತು ಅಂದರೆ ನನ್ನನ್ನೂ ಕೂರಿಸಿದ ಹಾಗೆ, ನಾನಿನ್ನು ಯಾತಕ್ಕೂ ಇಲ್ಲ ಅಂದ ಹಾಗೆ ಎಂದೆ. ಕಸ್ತೂರಿ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಅಂಗೈಯಲ್ಲಿ ಹರವಿಕೊಂಡಳು.

“ಒಂದ ಮಾತ ಹೇಳ್ಲೇನ್ರಿ? ಮನಿಮನಿ ಸರ್ವೆಕ್ಕ ಟೀಚರ್‌ಬಾಯಾರ ಬಂದಿದ್ರಲ್ಲ ಅಂಗಡಿಗಿ, ನೆನಪೈತೇನು? ಎಡಗೈ ನನ್ನ ತೊಡಿ ಮ್ಯಾಲಿತ್ತು, ಬಳಿ ಇಡಸಾಕತ್ತಿದ್ನಿ. ಬಲಗೈಲೆ ಬರಕೊಳ್ಳಾಕತ್ತಿದ್ರು. ನನ್ನ ಹೆಸರ ಮುಂದ ಕೆಲಸ ಏನಂತ ಬರದ್ರು ಗೊತ್ತೇನು? ಮನಿಗೆಲಸ.”

ಅವಳೇ ಮುಂದುವರಿಸಿದಳು. “ರೇಷನ್ ಕಾರ್ಡಿನಾಗೂ ಅದ ಐತಿ. ಸೊಲ್ಲಾಪುರದ ಶೇಟಜೀ ಬಿಲ್ಲಿನ ಮ್ಯಾಲ ನಿಮ್ಮ ಹೆಸರ ಬರೀತಾರ, ನಿಮ್ಮ ಮಾರಿ ಅವ್ರು ನೋಡೇ ಇಲ್ಲ. ನಿಮಗ ತೆರಿಗಿ ಇಲ್ಲಂತ ದುಃಖ. ನನಗ ಯಾರೂ ಕೇಳೇ ಇಲ್ಲ. ನನಗಿನ್ನೂ ಐವತ್ತಮೂರ. ನನ್ನ ಕಡೆ ಕಟ್ಟಿಸ್ಕೊಳ್ಳಲಿ ಸರ್ಕಾರ.”

ಅವಳು ಇದನ್ನು ಜಗಳಕ್ಕೆ ಹೇಳಲಿಲ್ಲ. ಟಿಕೆಟಿನ ಚಿಲ್ಲರೆ ಎಣಿಸಿಕೊಳ್ಳುತ್ತ ಹೇಳಿದಳು. ಬಸ್ಸಿಳಿದಾಗ ಅವಳ ಟ್ರಂಕನ್ನು ನಾನು ಹೊತ್ತುಕೊಂಡೆ.

ಮರುದಿನ ಇಬ್ಬರೂ ದಸ್ತಗೀರ ಸಾಹೇಬರ ಮೆಟ್ಟಿಲು ಹತ್ತಿದೆವು. ಅಂಗಡಿಯನ್ನು ಅವಳ ಹೆಸರಿಗೆ ಮಾಡಬೇಕು ಎಂದೆ. ಅವರು ತಮ್ಮ ಧರ್ಮ ಬಿಡಲಿಲ್ಲ. ನನ್ನ ಹೆಸರಿನಲ್ಲೇ ಇದ್ದರೆ ತೆರಿಗೆ ಉಳಿಯುತ್ತದೆ, ಅವಳ ಹೆಸರಿಗೆ ಮಾಡಿದರೆ ಹಳೆಯ ನೋಂದಣಿ ರದ್ದು ಮಾಡಿ ಹೊಸದು ಮಾಡಿಸಬೇಕು, ಎರಡೂವರೆ ಸಾವಿರ ಮತ್ತೆ ಶುರುವಾಗುತ್ತದೆ ಎಂದು ತಿಳಿಸಿ ಹೇಳಿದರು. “ಆಗ್ಲಿ ತಗೋರಿ ಅಣ್ಣಾರ,” ಎಂದಳು ಕಸ್ತೂರಿ. ಗಂಡ ಹೆಂಡತಿ ಇಬ್ಬರಿಗೂ ಒಂದೇ ರೋಗ ಎಂದುಕೊಂಡಿರಬೇಕು ಪಾಪ, ಪೆನ್ನು ತೆಗೆದರು. ಅರ್ಜಿ ತುಂಬುವ ಮೊದಲು ಧಂಧೆಯ ವಿಷಯ ನಾಲ್ಕು ಮಾತು ಕೇಳುವುದು ಅವರ ಪದ್ಧತಿ.

“ಮಾಲ ಯಾರ ತರ್ತಾರ್ರಿ ವೈನಿ?”

“ನಾನ್ರಿ. ಸೊಲ್ಲಾಪುರಕ್ಕ ನಾನ ಹೋಗ್ತೀನಿ.”

“ಮಾರೂದು?”

“ನಾನ.”

“ಸಂತಿ?”

“ತಿಕೋಟಾ, ಬಬಲೇಶ್ವರ ಎರಡೂ ನಾನ.”

“ಯಾರ ಎಷ್ಟ ಕೊಡಬೇಕು, ಯಾರಿಗಿ ಎಷ್ಟ ಕೊಡಬೇಕು, ಲೆಕ್ಕಾ?”

“ಅದೂ ನಾನ್ರಿ. ತಲಿಯಾಗ ಇರತೈತಿ.”

ಸಾಹೇಬರ ಪೆನ್ನು ನಿಂತಿತು. ನನ್ನ ಕಡೆ ನೋಡದೆ, ಬಹಳ ಮರ್ಯಾದೆಯಿಂದ ಕೇಳಿದರು. “ಮತ್ತ… ಸಂಗಣ್ಣಾರು?”

ಕಸ್ತೂರಿ ಯೋಚಿಸಿದಳು. ನನಗೆ ಸಹಾಯವಾಗುವಂಥದ್ದು ಏನಾದರೂ ಸಿಕ್ಕೀತೇ ಎಂದು ಅವಳು ನಿಜವಾಗಿಯೂ ಹುಡುಕುತ್ತಿದ್ದಳು, ಅದು ಅವಳ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಹೇಳಿದಳು.

“ಅವರು ಕುಂದರ್ತಾರ್ರಿ.”

ಗಲ್ಲಾದ ಮೇಲೆ ಕೂರುವುದೆಂದರೆ ಸಣ್ಣ ಕೆಲಸವಲ್ಲ, ಬಂದವರ ಜೊತೆ ಮಾತಾಡಬೇಕು, ಅಂಗಡಿಗೆ ಒಂದು ಕಳೆ ಬೇಕು ಎಂದು ನಾನು ವಾದಿಸಬೇಕೆಂದಿದ್ದೆ. ಅಷ್ಟರಲ್ಲಿ ಸಾಹೇಬರೇ ಬೆವರೊರೆಸಿಕೊಂಡು, “ಹಂಗಾದ್ರ ಸಂಗಣ್ಣಾರನ್ನ ಕೆಲಸಗಾರ ಅಂತ ತೋರಸೂಣ್ರಿ. ಪಗಾರ ಎಷ್ಟ ಬರಕೊಳ್ಳಲಿ?” ಎಂದು ಕೇಳಿದರು.

“ಎರಡ ಹೊತ್ತ ಊಟ, ನಾಕ ಸಲ ಚಾ,” ಎಂದಳು ಕಸ್ತೂರಿ.

“ಮ್ಯಾಲ ಏನರ?”

ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. “ಕೆಲಸ ನೋಡಿ ಕೊಡೂಣ್ರಿ.”

ಸಾಹೇಬರು ಕಂಪ್ಯೂಟರಿನ ಕಡೆ ತಿರುಗಿದರು. “ಹಂಗಿದ್ರ ಇವರಿಗಿ ವೃತ್ತಿ ತೆರಿಗಿ ಬರೂದ ಇಲ್ಲ ಬಿಡ್ರಿ. ಪಗಾರ ಭಾಳ ಕಡಿಮಿ.”

ನಾನು ಖುರ್ಚಿಯಿಂದ ಅರ್ಧ ಎದ್ದೆ. “ಅಂದ್ರ ವಯಸ್ಸಿನ ಸಂಬಂಧ ಅಲ್ಲಲ್ರಿ?”

“ವಯಸ್ಸಿನ ಮಾತ ಬರೂದಿಲ್ರಿ. ಇಷ್ಟ ಪಗಾರಕ್ಕ ಇಪ್ಪತ್ತ ವರ್ಷದ ಹುಡುಗಗೂ ತೆರಿಗಿ ಇಲ್ಲ.”

ಇಷ್ಟು ದಿನ ನಾನು ಬೇಡಿಕೊಂಡದ್ದು ಇದೇ ಅಲ್ಲವೇ! ಎಲ್ಲಿಯೂ ಅರವತ್ತು ಎಂಬ ಸಂಖ್ಯೆ ಬರಬಾರದು ಎಂದು. ಬರಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಸಂತೋಷಪಡಬೇಕೋ ಬೇಡವೋ ತಿಳಿಯದೆ, ಹೆಂಡತಿಯ ಕೈಚೀಲ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ.

ಕೆಲವು ದಿನಗಳಲ್ಲಿ ಕಾಗದಗಳೆಲ್ಲ ಆಗಿ ಹೊಸ ಪ್ರಮಾಣಪತ್ರ ಬಂತು. ಕಸ್ತೂರಿ ಸಂಗಪ್ಪ ಬಳಿಗಾರ. ಅವಳು ಅದನ್ನು ಒಮ್ಮೆ ಮನಸ್ಸಿನಲ್ಲಿ ಓದಿದಳು, ಒಮ್ಮೆ ಗಟ್ಟಿಯಾಗಿ ಓದಿದಳು. ಆಮೇಲೆ ಯಾವ ಧೂಳೂ ಇಲ್ಲದ ಆ ಕಾಗದವನ್ನು ಸೆರಗಿನಿಂದ ಒರೆಸಿದಳು. ಕಣ್ಣು ಒರೆಸಿಕೊಳ್ಳಬಹುದೆಂದು ನಾನು ನೋಡುತ್ತಿದ್ದೆ, ಒರೆಸಿಕೊಂಡವನು ನಾನು. ನನಗೆ ಅವಳನ್ನು ನೋಡಿ ಬಹಳ ಖುಷಿಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ತೆರಿಗೆಯನ್ನು ಅವಳು ಫೋನಿನಲ್ಲೇ ಕಟ್ಟಿದಳು, ಮೆಟ್ಟಿಲು ಹತ್ತುವ ಸಂಭ್ರಮ ಅವಳಿಗೆ ಬೇಕಾಗಲಿಲ್ಲ. ಆದರೆ ಅವತ್ತು ಸಂಜೆ ಚಹಾಕ್ಕೆ ಓಣಿಯವರು ಸೇರಿ ತೆರಿಗೆಯ ಪುರಾಣ ತೆಗೆದಾಗ ನಮ್ಮ ಅಂಗಡಿಯ ಬಾಗಿಲಿಗೆ ಬಂದು ನಿಂತಳು. “ಏನ್ ಕೇಳ್ತೀರಿ ಅಣ್ಣಾರ, ಎರಡೂವರಿ ಸಾವಿರ ಹಿಂಗ ಎಣಿಸಿ ಕೊಟ್ಟಂಗಾತು. ನಮ್ಮಂಥ ಧಂಧೆದವ್ರು ಬದುಕೂದ ಹ್ಯಾಂಗ?” ಎಂದು ದೊಡ್ಡ ನಿಟ್ಟುಸಿರು ಬಿಟ್ಟಳು. ಅವಳ ಮುಖದಲ್ಲಿ ಎಂಥ ಹಿಗ್ಗಿತ್ತು! ಅದು ಎಲ್ಲಿಂದ ಬರುತ್ತದೆ ಎಂದು ಆ ಗುಂಪಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಸುದ್ದಿ ಓಣಿಯಲ್ಲಿ ಮುಚ್ಚಿಡಲು ಆಗುತ್ತದೆಯೇ? ಎರಡು ದಿನ ಬಿಟ್ಟು ಮುತ್ತು ಚಹಾ ತಂದ. ನನ್ನ ದಿನದ ಮೂರನೆಯದು, ಅಂದರೆ ಪಗಾರದ ಚಹಾದಲ್ಲಿ ಮುಕ್ಕಾಲು ಪಾಲು. ಗ್ಲಾಸು ಇಟ್ಟು, ತಲೆ ಕೆರೆಯುತ್ತ, “ಕಾಕಾ, ಅಂಗಡಿ ಕಾಕುನ ಹೆಸರಿಗಿ ಮಾಡೀರಂತ. ಅರವತ್ತ ತುಂಬಿತಂತ, ಹೌದೇನ್ರಿ? ರಿಟೈರ್ ಆದ್ರೇನು?” ಎಂದು ಕೇಳಿದ. ಮಂಡಳಿಯ ತರುಣರೇ ಕಳಿಸಿದ್ದು ಎಂದು ನನಗೆ ಅನುಮಾನ. ಒಂದು ಗುಟುಕು ಕುಡಿದು, ಬೆನ್ನು ನೆಟ್ಟಗೆ ಮಾಡಿ, “ರಿಟೈರ್ ಯಾಕ ಆಗ್ಲೋ? ನಾ ಮೊನ್ನೆರ ಕೆಲಸಕ್ಕ ಸೇರೀನಿ,” ಅಂದೆ. ಅವನು ಏನೋ ಕೇಳಬೇಕೆಂದಿದ್ದ. ಅಷ್ಟರಲ್ಲಿ ಒಳಗಿನಿಂದ ಮಾಲಕರು ಮೇಲಿನ ಅಟ್ಟದ ಮೇಲಿರುವ ಹಸಿರು ಬಳೆಯ ಪೆಟ್ಟಿಗೆ ಇಳಿಸಿಕೊಡಲು ಕೂಗಿದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಹೊಸ ನೌಕರಿ, ಮೊದಲನೆಯ ತಿಂಗಳು. ಎರಡು ಸಲ ಕೂಗಿಸಿಕೊಂಡರೆ ಚೆನ್ನಾಗಿರುವುದಿಲ್ಲ.